ಟೊಂಕನೋವು ಮತ್ತು ಮಸಾಜ್ ಕುರ್ಚಿ: ದಂಪತಿಗಳು ತಿಳಿದಿರಬೇಕಾದ ಕೆಲವು ಸಂಗತಿಗಳು

ತೇರದಾಳ, ರಬಕವಿ, ಬನಹಟ್ಟಿಗಳ ನೇಕಾರರ ಓಣಿಗಳಲ್ಲಿ ಹಗಲು ಹೊತ್ತು ನಡೆದುಹೋಗುವವರ ಕಿವಿಗೆ ಮಗ್ಗದ ಸದ್ದು ಬೀಳುತ್ತದೆ. ಆ ಸದ್ದಿನ ಹಿಂದೆ ಬಾಗಿ ಕುಳಿತಿರುವ ಬೆನ್ನು ಮಾತ್ರ ಹೊರಗಿನವರಿಗೆ ಕಾಣುವುದಿಲ್ಲ. ಕುಣಿಮಗ್ಗದಲ್ಲಿ ನೇಯುವವನು ಕಾಲುಗಳನ್ನು ಗುಂಡಿಯೊಳಗೆ ಇಳಿಬಿಟ್ಟು, ಸೊಂಟದಿಂದ ಮುಂದಕ್ಕೆ ಬಾಗಿ, ಲಾಳಿಯ ಹಗ್ಗವನ್ನು ಎಳೆಯುತ್ತ ತಾಸುಗಟ್ಟಲೆ ಕುಳಿತಿರುತ್ತಾನೆ. ಅವನ ಪತ್ನಿಯು ನೆಲದ ಮೇಲೆ ಕುಳಿತು ಕಂಡಿಕೆ ಸುತ್ತುತ್ತಾಳೆ. ಅದು ಮುಗಿದ ಮೇಲೆ ನೀರು, ಅಡಿಗೆ, ದನಕರು, ಮಕ್ಕಳು. ಊರ ಹೊರಗೆ ಹೋದರೆ ಕಬ್ಬಿನ ಹೊರೆ ಹೊರುವವರು, ಅರಿಶಿನ ಅಗೆಯುವವರು. ಆಸ್ಪತ್ರೆಯ ಹೊರರೋಗಿ ವಿಭಾಗಕ್ಕೆ ಬಂದಾಗ ಇವರೆಲ್ಲರ ಮಾತೂ ಒಂದೇ: "ಡಾಕ್ಟರೇ, ಟೊಂಕ ಹಿಡದೈತ್ರಿ."

ಇತ್ತೀಚೆಗೆ ಈ ಮಾತಿನೊಡನೆ ಇನ್ನೊಂದು ಪ್ರಶ್ನೆಯೂ ಸೇರಿಕೊಂಡಿದೆ. ದೊಡ್ಡ ಊರುಗಳ ಅಂಗಡಿಗಳಲ್ಲಿ ಕಂಡ, ವಿದ್ಯುತ್ತಿನಿಂದ ಮೈಯನ್ನು ತಾನೇ ತಿಕ್ಕುವ ಮಸಾಜ್ ಕುರ್ಚಿಯನ್ನು ಮನೆಗೆ ತರಬಹುದೇ? ಔಷಧಿಯಿಲ್ಲದೆ ನೈಸರ್ಗಿಕವಾಗಿ ನೋವು ಹೋಗುವುದೆಂದು ಮಾರುವವರು ಹೇಳುತ್ತಾರಲ್ಲ, ಅದು ನಿಜವೇ? ಈ ಪ್ರಶ್ನೆಯನ್ನು ಕೇಳಲು ಬಂದ ದಂಪತಿಗಳೊಬ್ಬರು ಕಂತಿನ ಸಾಲದ ಕಾಗದವನ್ನೂ ಕೈಯಲ್ಲಿ ಹಿಡಿದು ಬಂದಿದ್ದರು. ನೋವು ಗಂಡನದು. ಅವನ ಪರೀಕ್ಷೆ ಮುಗಿದ ಮೇಲೆ, ಬಾಗಿಲ ಬಳಿ ನಿಂತಿದ್ದ ಪತ್ನಿಯನ್ನು "ನಿಮಗೆ ನೋವಿಲ್ಲವೇ?" ಎಂದು ಕೇಳಲಾಗಿ, ಮೂರನೆಯ ಹೆರಿಗೆಯಿಂದ ಈಚೆಗೆ ತನಗೂ ಇದೆಯೆಂದು ಆಕೆ ತಗ್ಗಿದ ಧ್ವನಿಯಲ್ಲಿ ಹೇಳಿದಳು. ಗಂಡನಿಗೆ ಅದು ಅಂದೇ ತಿಳಿದದ್ದು. ಈ ಲೇಖನವನ್ನು ಅವರಿಬ್ಬರನ್ನೂ ನೆನೆದು ಬರೆಯಲಾಗಿದೆ.

ಕುರ್ಚಿಯು ಮಾಡುವ ಕೆಲಸವೇನು?

ಈ ಕುರ್ಚಿಯು ಹುಟ್ಟಿದ್ದು ಜಪಾನ್ ದೇಶದಲ್ಲಿ. 1954ರಲ್ಲಿ ಒಸಾಕಾ ನಗರದ ನೊಬುವೊ ಫುಜಿಮೊಟೊ ಎಂಬುವರು ಹಳೆಯ ಬಿಡಿಭಾಗಗಳನ್ನು ಕೂಡಿಸಿ ಇಂತಹ ಕುರ್ಚಿಯೊಂದನ್ನು ರಚಿಸಿ, ಸಾರ್ವಜನಿಕ ಸ್ನಾನಗೃಹಗಳಿಗೆ ಒದಗಿಸಿದರು. ಬಿಸಿನೀರಿನಲ್ಲಿ ಮಿಂದು ಬಂದವರು ನಾಣ್ಯ ಹಾಕಿ ಬೆನ್ನನ್ನು ತಿಕ್ಕಿಸಿಕೊಳ್ಳುತ್ತಿದ್ದರು. ಇಂದಿನ ಕುರ್ಚಿಗಳಲ್ಲಿಯೂ ಮೂಲತತ್ವ ಅದೇ. ಬೆನ್ನಿನ ಹಿಂದೆ ಮೋಟಾರಿನಿಂದ ಮೇಲೆ ಕೆಳಗೆ ಚಲಿಸುವ ಉರುಳೆಗಳಿವೆ. ಕೈಕಾಲುಗಳನ್ನು ಅಮುಕಿ ಬಿಡುವ ಗಾಳಿಚೀಲಗಳಿವೆ. ಕೆಲವುಗಳಲ್ಲಿ ಶಾಖ ಕೊಡುವ ಏರ್ಪಾಡೂ ಉಂಟು.

ಬೆನ್ನನ್ನು ತಿಕ್ಕಿದರೆ ನೋವು ಏಕೆ ತಗ್ಗುತ್ತದೆ? ಮಗುವಿನ ಮೊಣಕಾಲಿಗೆ ಪೆಟ್ಟಾದಾಗ ನೀವು ಕೂಡಲೇ ಆ ಜಾಗವನ್ನು ಉಜ್ಜುತ್ತೀರಿ, ಮಗುವಿನ ಅಳು ಇಳಿಯುತ್ತದೆ. ಇದಕ್ಕೆ 1965ರಲ್ಲಿ ಮೆಲ್ಜಾಕ್ ಮತ್ತು ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಒಂದು ವಿವರಣೆ ನೀಡಿದರು. ನೋವಿನ ಸುದ್ದಿಯು ಮಿದುಳಿಗೆ ಹೋಗುವ ದಾರಿಯಲ್ಲಿ, ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ಸ್ಪರ್ಶದ ಮತ್ತು ಒತ್ತುವಿಕೆಯ ಸುದ್ದಿ ಹೆಚ್ಚಾಗಿ ಬಂದರೆ ಆ ಬಾಗಿಲು ನೋವಿನ ಪಾಲಿಗೆ ಅರ್ಧ ಮುಚ್ಚಿಕೊಳ್ಳುತ್ತದೆ. ಜೊತೆಗೆ, ಬಿಗಿದ ಸ್ನಾಯು ಸಡಿಲುತ್ತದೆ, ಮನಸ್ಸೂ ಹಗುರವಾಗುತ್ತದೆ, ನಿದ್ದೆ ಬರುತ್ತದೆ. ನಮ್ಮ ಗರಡಿಮನೆಗಳಲ್ಲಿ ಪೈಲವಾನರು ಸಾಮು ಮುಗಿದ ಮೇಲೆ ಒಬ್ಬರಿಗೊಬ್ಬರು ಎಣ್ಣೆ ಹಚ್ಚಿ ಮಾಲೀಸು ಮಾಡುವುದೂ ಇದೇ ಅನುಭವದಿಂದ.

ಆದರೆ ಈ ನೆಮ್ಮದಿಯು ತಾತ್ಕಾಲಿಕವಾದುದು. ಟೊಂಕದ ಮೂಳೆಗಳ ನಡುವಿನ ಮೆತ್ತೆಗಳಿಗೆ ನೇರವಾದ ರಕ್ತನಾಳಗಳಿಲ್ಲವೆನ್ನಬಹುದು. ಮೈ ಅಲುಗಾಡಿದಾಗಲೇ ಅವುಗಳಿಗೆ ಪೋಷಣೆ ಸರಿಯಾಗಿ ದೊರೆಯುವುದು. ಬಾಗಿ ಕುಳಿತರೆ ಅವುಗಳ ಮೇಲಿನ ಭಾರ ಹೆಚ್ಚುತ್ತದೆ, ಬೆನ್ನಿನ ಸ್ನಾಯುಗಳು ದಣಿಯುತ್ತವೆ. ದಿನವೆಲ್ಲ ಮಗ್ಗದಲ್ಲಿ ಕುಳಿತವನು ಸಂಜೆ ಇನ್ನೊಂದು ಕುರ್ಚಿಯಲ್ಲಿ ಕುಳಿತರೆ, ಕುಳಿತಿರುವುದು ತಪ್ಪಿದಂತಾಗಲಿಲ್ಲ. ಕುರ್ಚಿಯ ಉರುಳೆಯು ಸ್ನಾಯುವನ್ನು ಒತ್ತಬಲ್ಲದೇ ಹೊರತು ಅದಕ್ಕೆ ಬಲ ಕೊಡಲಾರದು. ಬಲ ಬರುವುದು ನಿಮ್ಮ ಸ್ವಂತ ಚಲನೆಯಿಂದಲೇ. ನೈಸರ್ಗಿಕವೆಂಬ ಮಾತನ್ನು ಬಳಸುವುದಾದರೆ ನಡಿಗೆಗೆ ಬಳಸುವುದು ಹೆಚ್ಚು ಸರಿಯಾದೀತು.

2023ರ ಡಿಸೆಂಬರ್ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ದೀರ್ಘಕಾಲದ ಟೊಂಕನೋವಿನ ಬಗ್ಗೆ ಮಾರ್ಗಸೂಚಿಯೊಂದನ್ನು ಪ್ರಕಟಿಸಿತು. 2020ರಲ್ಲಿ ಜಗತ್ತಿನ ಸುಮಾರು 61.9 ಕೋಟಿ ಜನರಿಗೆ ಟೊಂಕನೋವಿತ್ತೆಂದು ಅದರಲ್ಲಿ ತಿಳಿಸಲಾಗಿದೆ. ತಿಳಿವಳಿಕೆ ನೀಡುವುದು, ವ್ಯಾಯಾಮ ಮಾಡಿಸುವುದು, ಅಂಗಮರ್ದನ, ಇವುಗಳನ್ನು ಆ ಮಾರ್ಗಸೂಚಿ ಒಪ್ಪಿದೆ. ಸೊಂಟಕ್ಕೆ ಪಟ್ಟಿ ಬಿಗಿಯುವುದನ್ನೂ ಭಾರ ಕಟ್ಟಿ ಎಳೆಯುವ ಚಿಕಿತ್ಸೆಯನ್ನೂ ವಾಡಿಕೆಯಾಗಿ ಬಳಸಬಾರದೆಂದಿದೆ. ಇಲ್ಲಿ ಒಪ್ಪಲಾದ ಅಂಗಮರ್ದನವು ಬಹುಮಟ್ಟಿಗೆ ಮನುಷ್ಯನ ಕೈಯಿಂದ ಮಾಡಿದ್ದೆಂಬುದನ್ನು ಗಮನಿಸಬೇಕು. ಯಂತ್ರಕ್ಕೆ ನಿಮ್ಮ ನೋವು ಎಲ್ಲಿದೆಯೆಂದು ತಿಳಿಯದು.

ಆದುದರಿಂದ ನನ್ನ ಸಲಹೆ ಸ್ಪಷ್ಟವಾಗಿಯೇ ಇದೆ. ಕೈಯಲ್ಲಿ ಹಣವಿದ್ದು, ಮನೆಯಲ್ಲಿ ಜಾಗವಿದ್ದು, ಸುಖಕ್ಕೆಂದು ತರುವುದಾದರೆ ತನ್ನಿರಿ. ನೋವು ಗುಣವಾಗುವುದೆಂಬ ನಂಬಿಕೆಯಿಂದ ಸಾಲ ಮಾಡಿ ತರಬೇಡಿರಿ. ಇಂತಹ ಕುರ್ಚಿಗಳ ಬೆಲೆ ಲಕ್ಷ ರೂಪಾಯಿಗೂ ಮೀರುವುದುಂಟು. ಅಷ್ಟು ಹಣದ ಕಂತನ್ನು ತೀರಿಸಲು ದಿನಕ್ಕೆ ಇನ್ನೆರಡು ತಾಸು ಹೆಚ್ಚಾಗಿ ನೇಯಬೇಕಾದೀತು, ಆಗ ಟೊಂಕದ ಗತಿಯೇನು?

ಒಬ್ಬರ ಬೆನ್ನು ಇನ್ನೊಬ್ಬರ ಕೈ

ನಮ್ಮ ಮನೆಗಳಲ್ಲಿ ಪತ್ನಿಯು ಪತಿಯ ಕಾಲೊತ್ತುವುದು, ಸೊಸೆಯು ಅತ್ತೆಯ ಬೆನ್ನು ತಿಕ್ಕುವುದು ಸಾಮಾನ್ಯ. ಪತಿಯು ಪತ್ನಿಯ ಬೆನ್ನು ತಿಕ್ಕಿದ್ದನ್ನು ಕೇಳಿದವರು ಕಡಿಮೆ. ಬಾಣಂತನದ ಕೆಲವು ವಾರಗಳ ಎಣ್ಣೆನೀರು ಮುಗಿದ ಮೇಲೆ ಹೆಣ್ಣಿನ ಬೆನ್ನಿಗೆ ಇನ್ನೊಬ್ಬರ ಕೈ ತಾಗುವುದೇ ಅಪರೂಪ. ಆದರೆ ಬೆನ್ನುನೋವಿಗೆ ಕಾರಣಗಳು ಆಕೆಗೇ ಹೆಚ್ಚು. ಬಸುರಿನಲ್ಲಿ ದೇಹದಲ್ಲಿ ಆಗುವ ಮಾರ್ಪಾಟಿನಿಂದ ಕೀಲುಗಳ ಕಟ್ಟುಗಳು ಸಡಿಲಗೊಳ್ಳುತ್ತವೆ, ಹೊಟ್ಟೆಯ ಭಾರಕ್ಕೆ ಟೊಂಕ ಒಳಬಾಗುತ್ತದೆ. ಹೆರಿಗೆಯ ತರುವಾಯ ಹೊಟ್ಟೆಯ ಸ್ನಾಯುಗಳು ಮೊದಲಿನ ಬಲಕ್ಕೆ ಬರುವ ಮುನ್ನವೇ ಕೊಡ ಹೊರುವ ಕೆಲಸ ಆರಂಭವಾಗುತ್ತದೆ. ಕುರ್ಚಿ ಮನೆಗೆ ಬಂದರೂ ಅದರಲ್ಲಿ ಮೊದಲು ಹಿರಿಯರು, ಆಮೇಲೆ ಗಂಡಸರು, ಆಮೇಲೆ ಬೀಗರು ಕೂರುತ್ತಾರೆ. ಆಕೆಯ ಸರದಿ ಬರುವಾಗ ಒಲೆಯ ಮೇಲೆ ರೊಟ್ಟಿ ಇರುತ್ತದೆ.

ಪತಿಯಾದವರು ರಾತ್ರಿ ಊಟವಾಗಿ ಒಂದು ತಾಸಿನ ಮೇಲೆ ಹದಿನೈದು ನಿಮಿಷ ಬಿಡುವು ಮಾಡಿಕೊಳ್ಳಿರಿ. ಪತ್ನಿಯನ್ನು ಹೊಟ್ಟೆಯ ಮೇಲೆ, ಅದು ಕಷ್ಟವಾದರೆ ಒಂದು ಮಗ್ಗುಲಿಗೆ, ದಿಂಬು ಕೊಟ್ಟು ಮಲಗಿಸಿರಿ. ಕುಸುಬಿ, ಶೇಂಗಾ, ಕೊಬ್ಬರಿ, ಮನೆಯಲ್ಲಿ ಯಾವ ಎಣ್ಣೆ ಇದೆಯೋ ಅದನ್ನು ಬೆಚ್ಚಗೆ ಮಾಡಿಕೊಂಡರೆ ಸಾಕು. ಬೆಲೆ ಹೆಚ್ಚಿನ ಎಣ್ಣೆಗೆ ವಿಶೇಷ ಗುಣವೇನಿಲ್ಲ. ಬೆನ್ನುಮೂಳೆಯ ಮೇಲೆ ಒತ್ತಬಾರದು. ಮೂಳೆಯ ಎರಡೂ ಬದಿಯ ಮಾಂಸದ ಮೇಲೆ ಅಂಗೈಯನ್ನು ಸೊಂಟದಿಂದ ಭುಜದ ಕಡೆಗೆ ನಿಧಾನವಾಗಿ ಸರಿಸಬೇಕು. ಗಂಟು ಕಟ್ಟಿದಂತೆ ತೋರುವಲ್ಲಿ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಹಿಡಿದು, ಮೂರು ನಾಲ್ಕು ಉಸಿರಿನ ಕಾಲ ಬಿಟ್ಟು ಮುಂದಕ್ಕೆ ಹೋಗಬೇಕು. ಎಷ್ಟು ಒತ್ತಬೇಕೆಂಬುದನ್ನು ಆಕೆಯನ್ನೇ ಕೇಳಿರಿ. ಮರುದಿನ ನಿಮ್ಮ ಸರದಿ. ನಾಚಿಕೆಪಡುವ ಕಾರಣವಿಲ್ಲ, ಕದ ಹಾಕಿಕೊಂಡರಾಯಿತು.

ಮಕ್ಕಳಿಂದ ಬೆನ್ನು ತುಳಿಸಿಕೊಳ್ಳುವ ರೂಢಿ ಕೆಲವು ಮನೆಗಳಲ್ಲಿದೆ. ಇದನ್ನು ನಿಲ್ಲಿಸಿರಿ. ವಯಸ್ಸಾದವರ ಮೂಳೆ ಸವೆದಿದ್ದರೆ ಮುರಿಯುವ ಸಂಭವವಿದೆ. ಶಾಖ ಬೇಕಾದರೆ ಬಟ್ಟೆಯ ಗಂಟಿನಲ್ಲಿ ಹುರಿದ ಉಪ್ಪನ್ನು ಕಟ್ಟಿ, ಮೊದಲು ಮುಂಗೈಗೆ ತಾಗಿಸಿ ನೋಡಿ, ಹದಿನೈದು ಇಪ್ಪತ್ತು ನಿಮಿಷ ಇಡಬಹುದು. ಸಕ್ಕರೆ ಕಾಯಿಲೆಯಿಂದ ಪಾದಗಳು ಜೋಮು ಹಿಡಿದವರ ಕಾಲಿಗೆ ಮಾತ್ರ ಶಾಖ ಬೇಡ. ಸುಟ್ಟರೂ ಅವರಿಗೆ ತಿಳಿಯುವುದಿಲ್ಲ.

ಶಸ್ತ್ರಚಿಕಿತ್ಸೆಯಿಂದ ಟೊಂಕನೋವು ಬರುತ್ತದೆಯೇ?

"ಆಪರೇಷನ್ ಆದಾಗಿಂದ ಟೊಂಕ ಹೋತು" ಎಂಬ ಮಾತು ಕುಟುಂಬ ಕಲ್ಯಾಣದ ಕೆಲಸದಲ್ಲಿರುವ ಎಲ್ಲರೂ ಕೇಳಿದ್ದೇ. ಹೆಂಗಸರ ಸಂತಾನ ನಿರೋಧ ಶಸ್ತ್ರಚಿಕಿತ್ಸೆಯಲ್ಲಿ ಗರ್ಭಕೋಶದ ಅಕ್ಕಪಕ್ಕದ ಎರಡು ಸಣ್ಣ ನಾಳಗಳನ್ನು ಮುಚ್ಚಲಾಗುತ್ತದೆಯೇ ಹೊರತು ಬೆನ್ನುಮೂಳೆಯನ್ನಾಗಲಿ ಬೆನ್ನಿನ ಸ್ನಾಯುಗಳನ್ನಾಗಲಿ ಮುಟ್ಟುವುದಿಲ್ಲ. ಬೆನ್ನಿಗೆ ಅರಿವಳಿಕೆಯ ಚುಚ್ಚುಮದ್ದು ಕೊಟ್ಟಿದ್ದರೆ ಆ ಜಾಗವು ಕೆಲವು ದಿನ ನೋಯಬಹುದು. ಗಂಡಸರ ಶಸ್ತ್ರಚಿಕಿತ್ಸೆಯಂತೂ ಇನ್ನೂ ಚಿಕ್ಕದು. ಅದರಿಂದ ಸೊಂಟದ ಶಕ್ತಿ ಕುಂದುವುದೆಂಬುದು ಸುಳ್ಳು. ಎರಡು ಮೂರು ಹೆರಿಗೆಯಾಗಿ, ಮಕ್ಕಳನ್ನು ಎತ್ತಿ, ನೀರು ಹೊತ್ತು ಟೊಂಕ ದಣಿಯುವ ವಯಸ್ಸು ಯಾವುದೋ, ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವ ವಯಸ್ಸೂ ಅದೇ. ಹೀಗಾಗಿ ಒಂದರ ತಪ್ಪು ಇನ್ನೊಂದರ ತಲೆಗೆ ಬರುತ್ತದೆ.

ಹಾಗೆಂದು ಆಕೆಯ ನೋವು ಸುಳ್ಳಲ್ಲ. ವೈದ್ಯರಾದ ನಾವೂ ಕೆಲವೊಮ್ಮೆ "ಇದಕ್ಕೂ ಆಪರೇಷನ್ನಿಗೂ ಸಂಬಂಧವಿಲ್ಲ" ಎಂದು ಹೇಳಿ, ಪರೀಕ್ಷಿಸದೆ ಕಳುಹಿಸಿಬಿಡುತ್ತೇವೆ. ಅದು ತಪ್ಪು. ಟೊಂಕನೋವಿನೊಡನೆ ಕಿಬ್ಬೊಟ್ಟೆಯ ನೋವು, ಜ್ವರ, ದುರ್ವಾಸನೆಯ ಬಿಳಿಸೆರಗು ಇದ್ದರೆ ಗರ್ಭಕೋಶದ ಸುತ್ತ ಸೋಂಕು ಇರಬಹುದು. ಅದಕ್ಕೆ ಔಷಧಿಯೇ ಬೇಕು; ಕೆಲವು ಸಂದರ್ಭಗಳಲ್ಲಿ ಪತಿಯೂ ಜೊತೆಯಲ್ಲಿ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ.

ತಿಕ್ಕಬಾರದ ನೋವು

ಕೈಯಿಂದಾಗಲಿ ಕುರ್ಚಿಯಿಂದಾಗಲಿ ತಿಕ್ಕದೆ, ತಡಮಾಡದೆ ಆಸ್ಪತ್ರೆಗೆ ಬರಬೇಕಾದ ನೋವುಗಳಿವೆ. ಕಾಲಿನ ಬಲ ಕುಗ್ಗುವುದು, ಮೂತ್ರ ಕಟ್ಟುವುದು ಅಥವಾ ತಿಳಿಯದೆ ಹೋಗುವುದು, ತೊಡೆಯ ಸಂದಿಯ ಭಾಗ ಮರಗಟ್ಟುವುದು, ಇವು ನರಗಳು ಸಿಕ್ಕಿಕೊಂಡ ಲಕ್ಷಣ. ಅದೇ ದಿನ ಬರಬೇಕು. ಸಂಜೆಯ ಜ್ವರ, ರಾತ್ರಿ ಬೆವರು, ಮೈ ಇಳಿಯುವುದು ಇದ್ದರೆ ಬೆನ್ನುಮೂಳೆಯ ಕ್ಷಯವಿರಬಹುದು. ಅದಕ್ಕೆ ಸರಕಾರಿ ಆಸ್ಪತ್ರೆಗಳಲ್ಲಿ ಚಿಕಿತ್ಸೆ ಉಚಿತ, ಗುಣವೂ ಆಗುತ್ತದೆ. ತಿಕ್ಕುತ್ತ ಕುಳಿತರೆ ಬೆನ್ನು ಗೂನಾಗುತ್ತದೆ. ಕಾಯಿಸದ ಹಾಲು ಕುಡಿಯುವವರಿಗೆ, ಕಂದುಹಾಕಿದ ದನಗಳನ್ನು ಬರಿಗೈಯಿಂದ ಮುಟ್ಟುವವರಿಗೆ ಬರುವ ಬ್ರುಸೆಲ್ಲಾ ಜ್ವರದಲ್ಲಿಯೂ ಟೊಂಕ ಹಿಡಿಯುತ್ತದೆ. ಎದೆಯಿಂದ ಬೆನ್ನಿಗೆ ಅಥವಾ ಎಡಗೈಗೆ ಹರಿಯುವ ನೋವು, ಬೆವರು, ಉಸಿರುಗಟ್ಟುವಿಕೆ ಇದ್ದರೆ ಹೃದಯಾಘಾತವಿರಬಹುದು. ಅದನ್ನು ವಾಯುವೆಂದು ಭ್ರಮಿಸದೆ 108ಕ್ಕೆ ಕರೆಮಾಡಿರಿ.

ಒಂದೇ ಕಾಲಿನ ಮೀನಖಂಡ ಊದಿ, ಬಿಸಿಯಾಗಿ ನೋಯುತ್ತಿದ್ದರೆ ಅದನ್ನು ಎಂದಿಗೂ ಒತ್ತಬಾರದು. ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ, ಆ ಹೆಪ್ಪು ಕಳಚಿ ಶ್ವಾಸಕೋಶಕ್ಕೆ ಹೋಗಿ ಪ್ರಾಣಕ್ಕೆ ಅಪಾಯವಾಗಬಹುದು. ಬಸುರಿಯರಲ್ಲಿಯೂ ಹೆರಿಗೆಯಾದ ಆರು ವಾರಗಳವರೆಗೂ ಈ ಸಂಭವ ಹೆಚ್ಚು. ಆದುದರಿಂದ ಬಸುರಿಯರು ವೈದ್ಯರ ಅಪ್ಪಣೆಯಿಲ್ಲದೆ ಮಸಾಜ್ ಕುರ್ಚಿಯಲ್ಲಿ ಕೂರತಕ್ಕದ್ದಲ್ಲ. ಹೃದಯಕ್ಕೆ ಪೇಸ್‌ಮೇಕರ್ ಇಟ್ಟವರು, ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರು, ಹೊಲಿಗೆ ಮಾಯದವರು ಇವರಿಗೂ ಇದೇ ಮಾತು.

ಇನ್ನು ನೋವಿನ ಮಾತ್ರೆ. ಕೆಲವರು ಅಂಗಡಿಯಿಂದ ದಿನವೂ ತಂದು ನುಂಗುತ್ತಾರೆ. ಇದರಿಂದ ಜಠರದಲ್ಲಿ ಹುಣ್ಣು, ಮೂತ್ರಪಿಂಡಕ್ಕೆ ಹಾನಿ. ಈ ದೃಷ್ಟಿಯಿಂದ ನೋಡಿದರೆ ಮಾತ್ರೆಗಿಂತ ಮಾಲೀಸು ಎಷ್ಟೋ ಮೇಲು.

ಮಗ್ಗದ ಬಳಿಯಲ್ಲಿಯೇ ಮಾಡಬಹುದಾದುದು

ಹೊಸದಾಗಿ ಹಿಡಿದ ಟೊಂಕವು ಬಹುತೇಕ ನಾಲ್ಕಾರು ವಾರಗಳಲ್ಲಿ ಇಳಿಯುತ್ತದೆ. ಹಾಸಿಗೆ ಹಿಡಿದು ಮಲಗಿದರೆ ತಡವಾಗುತ್ತದೆ. ನೋವು ಸಹಿಸುವಷ್ಟು ಓಡಾಡುತ್ತಿರಬೇಕು. ನೇಯುವವರು ಅರ್ಧ ತಾಸಿಗೊಮ್ಮೆ ಗುಂಡಿಯಿಂದ ಮೇಲಕ್ಕೆ ಬಂದು, ಕೈಗಳನ್ನು ಸೊಂಟದ ಮೇಲಿಟ್ಟು ಐದಾರು ಬಾರಿ ಹಿಂದಕ್ಕೆ ಬಾಗಿ, ಅಂಗಳದವರೆಗೆ ನಡೆದು ಬರಬೇಕು. ಕುಳಿತುಕೊಳ್ಳುವ ಹಲಗೆಯ ಮೇಲೆ ಮಡಿಸಿದ ಕಂಬಳಿ ಹಾಕಿ ಎತ್ತರಿಸಿದರೆ ಬಾಗುವುದು ಕಡಿಮೆಯಾಗುತ್ತದೆ. ಕಂಡಿಕೆ ಸುತ್ತುವವರು ಗೋಡೆಗೆ ಬೆನ್ನು ಕೊಟ್ಟು, ಮಣೆಯ ಮೇಲೆ ಕೂರುವಂತೆ ರಾಟೆಯ ಜಾಗವನ್ನು ಬದಲಿಸಬಹುದು. ಬೆಳಿಗ್ಗೆ ಚಾಪೆಯ ಮೇಲೆ ಅಂಗಾತ ಮಲಗಿ, ಮೊಣಕಾಲು ಮಡಿಸಿ, ಸೊಂಟವನ್ನು ಮೇಲೆತ್ತಿ ಐದು ಎಣಿಸುವವರೆಗೆ ನಿಲ್ಲಿಸಿ ಇಳಿಸುವುದನ್ನು ಹತ್ತು ಬಾರಿ ಮಾಡಿರಿ. ಇಬ್ಬರೂ ಮಾಡಿರಿ.

ಕುರ್ಚಿ ಆಗಲೇ ಮನೆಗೆ ಬಂದಿದ್ದರೆ, ಅದರ ಪ್ಲಗ್ಗಿಗೆ ಅರ್ಥಿಂಗ್ ಇರುವುದನ್ನು ಮೊದಲು ಖಚಿತಪಡಿಸಿಕೊಳ್ಳಿರಿ. ಅತಿ ಮೆಲ್ಲನೆಯ ವೇಗದಿಂದ ಆರಂಭಿಸಿ, ಒಂದು ಸಲಕ್ಕೆ ಹದಿನೈದು ನಿಮಿಷ ಮೀರಬಾರದು. ನೋವು ಹೆಚ್ಚಿದರೆ ಅಲ್ಲಿಗೇ ನಿಲ್ಲಿಸಬೇಕು. ಹೆಂಗಸರು ಜಡೆಯನ್ನು ಮೇಲಕ್ಕೆ ಕಟ್ಟಿ, ತಾಳಿಸರವನ್ನು ರವಿಕೆಯೊಳಗೆ ಸೇರಿಸಿ, ಸೆರಗನ್ನು ಸಿಕ್ಕಿಸಿಕೊಂಡು ಕೂರಬೇಕು. ಉರುಳೆಗಳ ಮೇಲಿನ ಬಟ್ಟೆ ಹರಿದಿದ್ದರೆ ಹೊಲಿಸುವವರೆಗೆ ಅದನ್ನು ಬಳಸಬಾರದು. ಕಾಲಿಡುವ ಹಲಗೆಯು ಕೆಳಕ್ಕೆ ಇಳಿಯುವಾಗ ಅದರ ಅಡಿಯಲ್ಲಿ ಅಂಬೆಗಾಲಿಡುವ ಕೂಸು ಇಲ್ಲವೆಂಬುದನ್ನು ಬಗ್ಗಿ ನೋಡಿರಿ, ಎದ್ದ ಮೇಲೆ ಪ್ಲಗ್ಗನ್ನು ಗೋಡೆಯಿಂದ ಕಿತ್ತಿಡಿರಿ.