ಅರ್ಧಕ್ಕೇ ನಿಂತ ‘ಮುಗಿಯದ ಕಥೆ’



ಒಳ್ಳೆಯ ಪುಸ್ತಕವನ್ನು ಸಿನಿಮಾ ಮಾಡಿದಾಗ ಕೆಲವು ಸಲ ಯಾಕೆ ಕೆಟ್ಟುಹೋಗುತ್ತದೆ ಎಂಬುದನ್ನು ಈ ಲೇಖನದಲ್ಲಿ ತಿಳಿಸಲು ಇಚ್ಛಿಸುತ್ತೇನೆ.

ಜರ್ಮನಿಯ ಲೇಖಕರಾದ ಮೈಕೆಲ್ ಎಂಡೆ ಅವರ ಒಂದು ಕಾದಂಬರಿ ೧೯೭೯ರಲ್ಲಿ ಪ್ರಕಟವಾಯಿತು. ಅದರ ಹೆಸರನ್ನು ಕನ್ನಡದಲ್ಲಿ ‘ಮುಗಿಯದ ಕಥೆ’ ಎನ್ನಬಹುದು. ಅದರಲ್ಲಿ ೨೬ ಅಧ್ಯಾಯಗಳಿವೆ. ಮೊದಲನೆಯದು ಎ ಅಕ್ಷರದಿಂದ, ಕೊನೆಯದು ಝಡ್ ಅಕ್ಷರದಿಂದ ಶುರುವಾಗುತ್ತದೆ. ನಮ್ಮ ಮೇಷ್ಟ್ರು ಅದರ ಇಂಗ್ಲಿಷ್ ಪುಸ್ತಕ ತಂದು, ಪ್ರತಿ ಶನಿವಾರ ಒಂದೆರಡು ಅಧ್ಯಾಯದಂತೆ ನಮಗೆ ಕನ್ನಡದಲ್ಲಿ ಹೇಳಿದರು. ಶನಿವಾರ ಯಾರೂ ರಜೆ ಹಾಕುತ್ತಿರಲಿಲ್ಲ.

ಕಥೆ ಹೀಗಿದೆ. ಬಾಸ್ಟಿಯನ್ ಎಂಬ ದಪ್ಪಗಿನ ಹುಡುಗ. ಅವನ ಅಮ್ಮ ತೀರಿಕೊಂಡಿರುತ್ತಾಳೆ. ಅಂದಿನಿಂದ ಅವನಪ್ಪ ಮಾತೇ ಕಮ್ಮಿ ಮಾಡಿರುತ್ತಾರೆ. ಶಾಲೆಯಲ್ಲಿ ಹುಡುಗರು ಅವನನ್ನು ರೇಗಿಸುತ್ತಾರೆ. ಅವನು ಒಂದು ಅಂಗಡಿಯಿಂದ ಪುಸ್ತಕ ಕದ್ದು, ಶಾಲೆಯ ಅಟ್ಟದಲ್ಲಿ ಕೂತು ಓದುತ್ತಾನೆ. ಅದರೊಳಗೊಂದು ಕಲ್ಪನಾಲೋಕ. ಅದು ಸ್ವಲ್ಪ ಸ್ವಲ್ಪವೇ ಶೂನ್ಯವಾಗುತ್ತಿರುತ್ತದೆ. ಅಟ್ರೆಯು ಎಂಬ ವೀರ ಬಾಲಕ ಅದಕ್ಕೆ ಪರಿಹಾರ ಹುಡುಕುತ್ತಾ ಹೊರಡುತ್ತಾನೆ. ಕಡೆಗೆ ಬಾಸ್ಟಿಯನ್ನೇ ಅಲ್ಲಿಯ ರಾಣಿಗೆ ಹೊಸ ಹೆಸರಿಟ್ಟು ಆ ಲೋಕವನ್ನು ಉಳಿಸುತ್ತಾನೆ. ಇದಿಷ್ಟಕ್ಕೆ ಪುಸ್ತಕ ಬರೀ ಅರ್ಧ ಮುಗಿದಿರುತ್ತದೆ!

ಉಳಿದರ್ಧವೇ ಮುಖ್ಯವಾದದ್ದು. ಬಾಸ್ಟಿಯನ್ ಆ ಲೋಕದೊಳಗೆ ಹೋಗುತ್ತಾನೆ. ಅವನು ಬಯಸಿದ್ದೆಲ್ಲ ಆಗುತ್ತದೆ. ಚೆಂದ ಆಗ್ತಾನೆ, ಶಕ್ತಿವಂತ ಆಗ್ತಾನೆ. ಆದರೆ ಒಂದೊಂದು ಆಸೆ ತೀರಿದಾಗಲೂ ಅವನ ಒಂದು ನೆನಪು ಹೊರಟುಹೋಗುತ್ತದೆ. ಅದು ಅವನಿಗೆ ಗೊತ್ತೇ ಆಗುವುದಿಲ್ಲ. ಅಪ್ಪ ಅಮ್ಮನನ್ನು ಮರೆಯುತ್ತಾನೆ, ಕೊನೆಗೆ ತನ್ನ ಹೆಸರನ್ನೂ ಮರೆಯುತ್ತಾನೆ. ಒಂದು ಗಣಿಯಲ್ಲಿ ಅವನಿಗೊಂದು ಚಿತ್ರ ಸಿಗುತ್ತದೆ. ಅದರಲ್ಲಿ ಬಿಳಿ ಕೋಟು ಹಾಕಿದ, ದುಃಖದ ಮುಖದ ಒಬ್ಬ ಮನುಷ್ಯ ಮಂಜುಗಡ್ಡೆಯೊಳಗೆ ಸಿಕ್ಕಿಕೊಂಡಿರುತ್ತಾನೆ. ಅದು ಅವನಪ್ಪ! ಯಾರೆಂದು ಗೊತ್ತಾಗದಿದ್ದರೂ ಅವನಿಗೆ ಅಳು ಬರುತ್ತದೆ. ಆಮೇಲೆ ಅವನು ಅಪ್ಪನಿಗೆಂದು ಜೀವಜಲ ತೆಗೆದುಕೊಂಡು ಮನೆಗೆ ಬರುತ್ತಾನೆ. ದಾರಿಯಲ್ಲೇ ನೀರು ಚೆಲ್ಲಿಹೋಗುತ್ತದೆ. ಆದರೆ ಮಗನ ಕಥೆ ಕೇಳಿ ಅಪ್ಪನ ಕಣ್ಣಲ್ಲಿ ನೀರು ಬರುತ್ತದೆ. ಆ ನೀರೇ ಜೀವಜಲ.

ಈಗ ಸಿನಿಮಾ ವಿಷಯ. ೧೯೮೪ರಲ್ಲಿ ವುಲ್ಫ್‌ಗಾಂಗ್ ಪೀಟರ್ಸನ್ ಎಂಬ ನಿರ್ದೇಶಕರು ಇದನ್ನು ಸಿನಿಮಾ ಮಾಡಿದರು. ಮೊನ್ನೆ ಮೇಷ್ಟ್ರು ನಮಗೆ ಅದನ್ನು ತೋರಿಸಿದರು. ಬಿಳೀ ಡ್ರ್ಯಾಗನ್ ಚೆನ್ನಾಗಿತ್ತು. ಅಟ್ರೆಯುವಿನ ಕುದುರೆ ಜೌಗಿನಲ್ಲಿ ಮುಳುಗುವಾಗ ಎಲ್ಲರೂ ಉಸಿರು ಬಿಗಿಹಿಡಿದಿದ್ದೆವು. ಸುಳ್ಳು ಯಾಕೆ ಹೇಳಲಿ, ನಾನೂ ಅತ್ತೆ. ಆದರೆ ರಾಣಿಗೆ ಹೆಸರಿಟ್ಟ ಸ್ವಲ್ಪ ಹೊತ್ತಿಗೇ ಸಿನಿಮಾ ಮುಗಿದುಹೋಯ್ತು. ಕೊನೆಯಲ್ಲಿ ಬಾಸ್ಟಿಯನ್ ಡ್ರ್ಯಾಗನ್ ಮೇಲೆ ಕೂತು ಊರಿಗೆ ಬಂದು, ತನ್ನನ್ನು ರೇಗಿಸಿದ ಹುಡುಗರನ್ನು ಓಡಿಸುತ್ತಾನೆ. ಎಲ್ಲರೂ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನಾನು ಅವನಪ್ಪ ಬರಲಿ ಅಂತ ಕಾಯ್ತಾ ಇದ್ದೆ. ಸಿನಿಮಾದಲ್ಲಿ ಅಪ್ಪ ಶುರುವಿನಲ್ಲಿ ಒಂದು ಸಲ ಬಂದು ಹೋಗುತ್ತಾರೆ, ಮತ್ತೆ ಬರುವುದೇ ಇಲ್ಲ.

ಎಂಡೆ ಅವರಿಗೂ ಬಹಳ ಕೋಪ ಬಂತಂತೆ. ಸಿನಿಮಾ ನಿಲ್ಲಿಸಿ, ಇಲ್ಲವೇ ಅದರ ಹೆಸರನ್ನಾದರೂ ಬದಲಾಯಿಸಿ ಎಂದು ಕೇಳಿದರು. ಅವರು ಒಪ್ಪದಿದ್ದಾಗ ಕೋರ್ಟಿಗೆ ಹೋದರು. ಆದರೆ ಕೇಸು ಸೋತರು. ೧೯೯೦ರಲ್ಲಿ ಎರಡನೇ ಸಿನಿಮಾ ಬಂತು. ಅದರಲ್ಲಿ ನೆನಪು ಹೋಗುವ ವಿಷಯ ಇದೆ, ಆದರೆ ಕಥೆಯನ್ನು ಬಹಳ ಬದಲಾಯಿಸಿದ್ದಾರೆ ಎಂದು ಮೇಷ್ಟ್ರು ಹೇಳಿದರು.

ಸಿನಿಮಾ ಒಂದೂವರೆ ಗಂಟೆಯದು. ೨೬ ಅಧ್ಯಾಯ ಹಿಡಿಸುವುದು ಕಷ್ಟ, ಅದು ನನಗೂ ಅರ್ಥವಾಗುತ್ತದೆ. ಕಮ್ಮಿ ಮಾಡಿದ್ದು ತಪ್ಪಲ್ಲ. ಆದರೆ ಪುಣ್ಯಕೋಟಿ ಕಥೆಯಲ್ಲಿ ಹಸು ಕರುವಿನ ಹತ್ತಿರ ಹೋಯಿತು ಎಂದು ಹೇಳಿ, ಹುಲಿಯ ಹತ್ತಿರ ವಾಪಸು ಬಂದದ್ದನ್ನು ಬಿಟ್ಟರೆ ಅದು ಪುಣ್ಯಕೋಟಿ ಕಥೆಯೇ? ಬಯಸಿದ್ದೆಲ್ಲ ಸಿಕ್ಕರೆ ಏನೋ ಒಂದು ಕಳೆಯುತ್ತದೆ ಎಂದು ಪುಸ್ತಕ ಹೇಳಿದರೆ, ಬಯಸು, ಸಿಗುತ್ತದೆ, ಅಷ್ಟೇ ಎಂದು ಸಿನಿಮಾ ಹೇಳುತ್ತದೆ. ಪೂರ್ತಿ ಉಲ್ಟಾ ಆಯ್ತು.

ನಮ್ಮ ಅಜ್ಜಿ ಹೋದ ವರ್ಷ ತೀರಿಕೊಂಡರು. ಆವಾಗಿನಿಂದ ನಮ್ಮಪ್ಪನೂ ಹೆಚ್ಚು ಮಾತಾಡುವುದಿಲ್ಲ. ಸಿನಿಮಾ ನೋಡಿದ ರಾತ್ರಿ ಜಗಲಿ ಮೇಲೆ ಕೂತು ಅಪ್ಪನಿಗೆ ಕಥೆ ಪೂರ್ತಿ ಹೇಳಿದೆ. ಅಪ್ಪ ಸುಮ್ಮನೆ ಕೇಳುತ್ತಿದ್ದರು. ಜೀವಜಲ ಸಿಕ್ಕಿದ ಕಡೆ ನಾನು ಸ್ವಲ್ಪ ನಿಲ್ಲಿಸಿದೆ. ಆಗ, “ಹುಡುಗ ಮನೆಗೆ ಬಂದ್ನಾ?” ಅಂತ ಕೇಳಿದರು. “ಬಂದ ಅಪ್ಪ” ಅಂದೆ.

ಆದ್ದರಿಂದ ಗೆಳೆಯರೇ, ಸಿನಿಮಾ ನೋಡಿ, ಬೇಡ ಅನ್ನುವುದಿಲ್ಲ. ಆದರೆ ಉಳಿದರ್ಧ ಕಥೆಯನ್ನು ಮೇಷ್ಟ್ರ ಹತ್ತಿರ ಕೇಳಿ. ಪುಸ್ತಕ ನಮ್ಮ ಶಾಲೆಯ ಕಪಾಟಿನಲ್ಲೇ ಇದೆ. ಇಲ್ಲಿಗೆ ನನ್ನ ಲೇಖನ ಮುಗಿಸುತ್ತೇನೆ.

— ೭ನೇ ತರಗತಿ