ಮುನ್ಸೂಚನೆ, ಕರೆಂಟು ಮತ್ತು ಚೆಲ್ಲಿದ ಹಾಲು



ಬೆಳಗಿನ ಹಾಲು ಸಂಘಕ್ಕೆ ಬಂದಿದೆ, ಕರೆಂಟಿಲ್ಲ, ಜನರೇಟರ್‌ಗೆ ಡೀಸೆಲ್ಲೂ ಇಲ್ಲ ಎಂದುಕೊಳ್ಳಿ. ಆ ಹಾಲು ಎಷ್ಟು ಹೊತ್ತು ಉಳಿದೀತು ಎಂಬುದನ್ನು ತಮಗೆ ಹೇಳಿಕೊಡಬೇಕಾಗಿಲ್ಲ. 2021ರ ಫೆಬ್ರವರಿಯಲ್ಲಿ ಅಮೆರಿಕದ ಟೆಕ್ಸಾಸ್ ರಾಜ್ಯದ ಹೈನುಗಾರರಿಗೆ ಇಂಥದೇ ಗತಿ ಬಂದಿತು. ತೈಲ, ಅನಿಲಗಳಿಗೆ ಹೆಸರಾದ ನಾಡು ಅದು. ಅಲ್ಲಿ ದಿನಕ್ಕೆ 80 ಲಕ್ಷ ಡಾಲರ್ ಬೆಲೆಯ ಹಾಲು ಚರಂಡಿ ಸೇರುತ್ತಿದೆ ಎಂದು ಆ ರಾಜ್ಯದ ಕೃಷಿ ಕಮಿಷನರ್ ಸಿಡ್ ಮಿಲ್ಲರ್ ಆಗ ತಿಳಿಸಿದ್ದರು. ಹಾಲಿನಲ್ಲಿ ದೋಷವಿರಲಿಲ್ಲ. ಅದನ್ನು ಸಂಸ್ಕರಿಸುವ ಡೇರಿಗಳಿಗೆ ಕರೆಂಟು ಇರಲಿಲ್ಲ.

ಹೀಗೇಕಾಯಿತು? 2020ರ ಅಕ್ಟೋಬರಿನಲ್ಲಿ ಅಮೆರಿಕದ ಹವಾಮಾನ ಸಂಸ್ಥೆಯಾದ 'ನೋವಾ' ಚಳಿಗಾಲದ ಮುನ್ಸೂಚನೆ ನೀಡಿತು. ಪೆಸಿಫಿಕ್ ಸಾಗರದಲ್ಲಿ 'ಲಾ ನಿನಾ' ಇದ್ದುದರಿಂದ ದಕ್ಷಿಣದ ರಾಜ್ಯಗಳಲ್ಲಿ ಚಳಿ ವಾಡಿಕೆಗಿಂತ ಕಡಿಮೆಯಿರುವ ಸಂಭವವೇ ಹೆಚ್ಚು ಎಂದಿತು. ಅಲ್ಲಿನ ವಿದ್ಯುತ್ ಜಾಲ ನಡೆಸುವ 'ಎರ್ಕಾಟ್' ಸಂಸ್ಥೆ, ಬೇಡಿಕೆ 57,700 ಮೆಗಾವಾಟ್‌ನಷ್ಟು, ತೀರಾ ಕೆಟ್ಟ ಚಳಿ ಬಿದ್ದರೆ 67,200ರಷ್ಟು ಎಂದು ಲೆಕ್ಕ ಹಾಕಿತ್ತು. ಫೆಬ್ರವರಿ 14ರ ಸಂಜೆಗೇ ಬೇಡಿಕೆ 69,000 ದಾಟಿತು. ಡಲ್ಲಾಸ್‌ನಲ್ಲಿ ಉಷ್ಣತೆ ಸೊನ್ನೆಗಿಂತ 19 ಡಿಗ್ರಿ ಕೆಳಗಿಳಿಯಿತು.

ಹಾಗಾದರೆ ಮುನ್ಸೂಚನೆ ಸುಳ್ಳೇ? ಪೂರ್ತಿ ಹಾಗೆನ್ನಲಾಗದು. ಋತುವಿನ ಮುನ್ಸೂಚನೆ ಹೇಳುವುದು ಮೂರು ತಿಂಗಳ ಸರಾಸರಿಯನ್ನು, ಅದೂ ಸಂಭವದ ಮಾತಿನಲ್ಲಿ. ಹಸುವಿನ ಒಂದು ಸೂಲಿನ ಸರಾಸರಿ ದಿನಕ್ಕೆ 8 ಲೀಟರ್ ಎಂದರೆ, ಕೆಚ್ಚಲು ಬಾವು ಬಂದ ವಾರದ ಕಷ್ಟ ಅದರಲ್ಲಿ ಕಾಣುವುದಿಲ್ಲವಷ್ಟೆ! ಕೊಲ್ಲುವುದು ಆ ಒಂದು ವಾರ.

ಇನ್ನು ಆದದ್ದು ನೋಡಿ. ಅನಿಲ ಬಾವಿಗಳಲ್ಲಿ, ಕೊಳವೆಗಳಲ್ಲಿ ನೀರು ಹೆಪ್ಪುಗಟ್ಟಿತು. ವಿದ್ಯುತ್ ಸ್ಥಾವರಗಳಿಗೆ ಅನಿಲ ಸಾಲದಾಯಿತು. ಎಷ್ಟೋ ಸ್ಥಾವರಗಳ ಯಂತ್ರಗಳೂ ಚಳಿಗೆ ನಿಂತವು. 15ರ ನಸುಕಿನಲ್ಲಿ ಲೋಡ್ ಶೆಡ್ಡಿಂಗ್ ಆರಂಭಿಸಿದಾಗ ಅನಿಲವನ್ನು ಒತ್ತಿ ಸಾಗಿಸುವ ಯಂತ್ರಗಳ ಕರೆಂಟನ್ನೂ ಕಡಿದುಬಿಟ್ಟರು! ಅನಿಲ ಇನ್ನಷ್ಟು ಇಳಿಯಿತು, ಕರೆಂಟು ಇನ್ನಷ್ಟು ಇಳಿಯಿತು. ಟೆಕ್ಸಾಸ್ ಜಾಲಕ್ಕೂ ನೆರೆರಾಜ್ಯಗಳ ಜಾಲಕ್ಕೂ ಸಂಪರ್ಕ ತೀರಾ ಕಡಿಮೆ, ಆದ್ದರಿಂದ ಸಾಲ ತರುವಂತೆಯೂ ಇರಲಿಲ್ಲ. ಸುಮಾರು 45 ಲಕ್ಷ ಮನೆಗಳು ಕತ್ತಲಾದವು. ಸರ್ಕಾರದ ಲೆಕ್ಕದಂತೆ ಸತ್ತವರು 246. ಹತ್ತು ವರ್ಷ ಹಿಂದೆ, 2011ರ ಫೆಬ್ರವರಿಯಲ್ಲೂ ಚಳಿಯಿಂದ ಅಲ್ಲಿ ಕರೆಂಟು ಹೋಗಿತ್ತು. ಯಂತ್ರಗಳಿಗೆ ಚಳಿಯಿಂದ ರಕ್ಷಣೆ ಒದಗಿಸಿರೆಂದು ಆಗಲೇ ತನಿಖಾ ವರದಿ ಹೇಳಿತ್ತು. ಕಡ್ಡಾಯವಿರಲಿಲ್ಲ, ಬಹಳ ಮಂದಿ ಮಾಡಿರಲಿಲ್ಲ.

ನಮ್ಮಲ್ಲಿ ಹಿಮವಿಲ್ಲ, ಲೆಕ್ಕ ಮಾತ್ರ ಇದೇ. 2023ರ ಏಪ್ರಿಲ್‌ನಲ್ಲಿ ಹವಾಮಾನ ಇಲಾಖೆ ದೇಶಕ್ಕೆ ವಾಡಿಕೆಯ ಶೇ. 96ರಷ್ಟು ಮುಂಗಾರು ಎಂದಿತು. ಬಂದದ್ದು ಶೇ. 94. ದೇಶದ ಲೆಕ್ಕಕ್ಕೆ ಒಳ್ಳೆಯ ಮುನ್ಸೂಚನೆಯೇ. ಆದರೆ ಕರ್ನಾಟಕದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್‌ಗಳ ಬೇಡಿಕೆ ಏರಿತು, ಅಕ್ಟೋಬರಿನಲ್ಲಿ ಕರೆಂಟು ಕೈಕೊಟ್ಟಿತು.

ಆದ್ದರಿಂದ ಮೇವು ಬಿತ್ತಲು ಋತುವಿನ ಮುನ್ಸೂಚನೆ ಕೇಳಿರಿ. ದಿನದ ಕೆಲಸಕ್ಕೆ ಜಿಲ್ಲೆಯ ಐದು ದಿನಗಳ ಮುನ್ಸೂಚನೆಯನ್ನೇ ನಂಬಿರಿ. ಶೀತಲೀಕರಣ ಘಟಕವಿರುವ ಸಂಘದವರು ವಾರಕ್ಕೊಮ್ಮೆ ಜನರೇಟರನ್ನು ಅರ್ಧ ಗಂಟೆ ಓಡಿಸಿ, ಬ್ಯಾಟರಿ ನೋಡಿ, ಡೀಸೆಲ್ ದಾಸ್ತಾನನ್ನು ಪುಸ್ತಕದಲ್ಲಿ ಬರೆದಿಡಬೇಕು. ಮುಂದಿನ ಸಭೆಯಲ್ಲಿ ಆ ಪುಸ್ತಕವನ್ನು ಕಾರ್ಯದರ್ಶಿಗಳಿಂದ ಕೇಳಿ ನೋಡಿರಿ.