ಅಂಕದ ತೂಕ, ಹಿನ್ನೆಲೆಯ ತೂಕ

ವಿದ್ಯಾರ್ಥಿಯ ಯೋಗ್ಯತೆಯನ್ನು ಅಂಕಗಳಿಂದಲೇ ಅಳೆಯಬೇಕೆ, ಅವನು ಬೆಳೆದುಬಂದ ಪರಿಸರವನ್ನೂ ಗಣಿಸಬೇಕೆ ಎಂಬುದು ಉನ್ನತ ಶಿಕ್ಷಣದ ಹಳೆಯ ಪ್ರಶ್ನೆ. ನಮ್ಮ ರಾಜ್ಯದ ಇಂಜಿನಿಯರಿಂಗ್ ಪ್ರವೇಶವು ಎರಡಕ್ಕೂ ಸ್ಥಾನ ನೀಡಿದೆ.

ದ್ವಿತೀಯ ಪಿ.ಯು.ಸಿ.ಯ ನಿಗದಿತ ವಿಷಯಗಳಿಗೆ ಅರ್ಧ, ಸಿ.ಇ.ಟಿ.ಗೆ ಅರ್ಧ ತೂಕವಿತ್ತು ರ್‍ಯಾಂಕ್ ನಿರ್ಣಯಿಸುತ್ತಾರೆ. ಪರೀಕ್ಷೆಯೇ ನಡೆಯದ 2021ರಲ್ಲಿ ಮಾತ್ರ ಸಿ.ಇ.ಟಿ. ಅಂಕವನ್ನಷ್ಟೇ ಪರಿಗಣಿಸಲಾಯಿತು. ಅನಂತರ ಪ್ರತಿಯೊಂದು ವರ್ಗದೊಳಗೂ ಗ್ರಾಮೀಣರಿಗೆ ಶೇ. 15, ಕನ್ನಡ ಮಾಧ್ಯಮದವರಿಗೆ ಶೇ. 5 ಸ್ಥಾನಗಳು ಮೀಸಲು. ಒಂದರಿಂದ ಹತ್ತನೆಯ ತರಗತಿಯವರೆಗೆ ಪೂರ್ಣ ಹತ್ತು ವರ್ಷ ಹಾಗೆ ಓದಿರಬೇಕೆಂಬುದು ನಿಯಮ.

ಇದು ದಯೆಯಲ್ಲ, ನ್ಯಾಯ. ನಗರದಲ್ಲಿ ಟ್ಯೂಷನ್ ಪಡೆದವನ ಅಂಕಕ್ಕೂ, ವಿಜ್ಞಾನದ ಶಿಕ್ಷಕರೇ ಇಲ್ಲದ ಶಾಲೆಯಲ್ಲಿ ಓದಿದವಳ ಅಂಕಕ್ಕೂ ಹಿಂದಿರುವ ಶ್ರಮ ಒಂದೇ ಅಲ್ಲ. ಆದರೆ ಈ ಅಳತೆಗೂ ಮಿತಿಯುಂಟು. ಅದು ಶಾಲೆಯಿದ್ದ ಊರನ್ನು ನೋಡುತ್ತದೆಯೇ ಹೊರತು ಮನೆಯ ಬಡತನವನ್ನಲ್ಲ. ನಗರದ ಕೊಳೆಗೇರಿಯ ಮಗು ಅದರ ಹೊರಗೇ ಉಳಿಯುತ್ತದೆ. ವಾರ್ಷಿಕ ಆದಾಯ ಎಂಟು ಲಕ್ಷ ಮೀರದ ಕುಟುಂಬಗಳಿಗೆ ಬೋಧನಾ ಶುಲ್ಕ ವಿನಾಯಿತಿಯ ಹೆಚ್ಚುವರಿ ಸ್ಥಾನಗಳಿರುವುದು ಆ ಕೊರತೆಯನ್ನು ತುಸು ತುಂಬುತ್ತದೆ.

ಪಾಲಕರು ಮರೆಯಬಾರದ ಮಾತೊಂದಿದೆ. ಅರ್ಹತೆಯಿದ್ದೂ ಪ್ರಮಾಣಪತ್ರವಿಲ್ಲದೆ ಸ್ಥಾನ ಕಳೆದುಕೊಳ್ಳುವುದು ಅತ್ಯಂತ ದುಃಖಕರ. ವ್ಯಾಸಂಗ ಪ್ರಮಾಣಪತ್ರಕ್ಕೆ ಮುಖ್ಯೋಪಾಧ್ಯಾಯರ ಸಹಿ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಮೇಲುಸಹಿ ಎರಡೂ ಬೇಕು. ಮಗು ಹಲವು ಶಾಲೆಗಳಲ್ಲಿ ಓದಿದ್ದರೆ ಅಲೆದಾಟವೂ ಹೆಚ್ಚು. ಆದ್ದರಿಂದ ಪರೀಕ್ಷೆಯ ಸಿದ್ಧತೆಯೊಡನೆಯೇ ಈ ಸಿದ್ಧತೆಯೂ ನಡೆಯಲಿ.